ಬುತ್ತಿಯ ಲೆಕ್ಕ

(ಮಾತನಾಡುವವರು ಇಬ್ಬರು, ಇಬ್ಬರೂ ವಡಗಾವಿಯವರು. ಒಬ್ಬರು ವೈರಿಂಗ್ ಕೆಲಸದಲ್ಲೇ ತಲೆ ಹಣ್ಣಾದವರು, ಇನ್ನೊಬ್ಬ ಮಗ್ಗದ ಮನೆಯ ಹುಡುಗ.)

— ಕಾಕಾ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೇವೆ. ಎಂಟು ಮಂದಿ, ಐದು ದಿನ. ಟ್ರ್ಯಾಕ್ಟರಿನ ಟ್ರೇಲರಿಗೆ ಬಿದಿರಿನ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಅದೇ ಮನೆ. ಈ ಸಲ ಅದಕ್ಕೊಂದು ಸೋಲಾರ್ ಪ್ಯಾನಲ್, ಒಂದು ಬ್ಯಾಟರಿ ಇರಲಿ ಎಂದು ಎಲ್ಲರ ಆಸೆ. ಅಂಗಡಿಯಲ್ಲಿ ಕೇಳಿದರೆ 200 ವ್ಯಾಟ್ ಪ್ಯಾನಲ್, 200 ಎಎಚ್ ಬ್ಯಾಟರಿ, ಮೇಲೊಂದು ಇನ್ವರ್ಟರ್ ಬೇಕೆಂದರು. ಅಷ್ಟು ಕೊಂಡರೆ ದೇವಿಗೆ ಸೀರೆ, ಬಳೆ ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

— ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಅವರು ಹೇಳಿದ್ದು ಮನೆಯ ಲೆಕ್ಕ, ನಿನಗೆ ಬೇಕಾದದ್ದು ಬುತ್ತಿಯ ಲೆಕ್ಕ. ಕಣಜ ತುಂಬಿಸುವಾಗ ವರ್ಷದ ಮಾತು ಯೋಚಿಸುತ್ತೇವೆ: ಮಳೆ ತಡವಾದರೆ, ಬೆಳೆ ಕೈಕೊಟ್ಟರೆ, ಬೀಗರು ಬಂದರೆ. ಬುತ್ತಿ ಕಟ್ಟುವಾಗ ಎಷ್ಟು ಬಾಯಿ, ಎಷ್ಟು ಹೊತ್ತು ಎಂದು ಎಣಿಸಿ ರೊಟ್ಟಿ ಬಡಿಯುತ್ತೇವೆ, ಮೇಲೆ ನಾಲ್ಕು ಹೆಚ್ಚಿಗೆ. ಊರಿಗೆ ಮರಳುವಾಗ ಬುಟ್ಟಿ ಬರಿದಾಗಿದ್ದರೆ ಅದನ್ನು ಯಾರೂ ಬರಗಾಲ ಎನ್ನುವುದಿಲ್ಲ. ಮನೆಯ ಮೇಲಿನ ಪ್ಯಾನಲ್ ಅಂದಂದಿನ ಖರ್ಚನ್ನು ಅಂದಂದೇ ಗಳಿಸಬೇಕು, ಅದೂ ವರ್ಷದ ಅತಿ ಕೆಟ್ಟ ತಿಂಗಳಲ್ಲಿ. ಬಿಡಾರಕ್ಕೆ ಒಯ್ಯುವ ಪ್ಯಾನಲಿಗೆ ಆ ಹೊಣೆ ಇಲ್ಲ. ಮನೆಯಲ್ಲಿ ತುಂಬಿಸಿಕೊಂಡು ಹೊರಟ ಬ್ಯಾಟರಿ ಮರಳಿ ಬರುವತನಕ ಬರಿದಾಗದಿದ್ದರೆ ಸಾಕು. ಇಷ್ಟೇ ವ್ಯತ್ಯಾಸದಿಂದ ಸಾಮಾನಿನ ಗಾತ್ರ ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಅಂಕಿ ಹಾಕಿ ತೋರಿಸುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಮಂದಿ ಬಸ್ಸಿನಲ್ಲಿ ಹೋಗಲಿ. ಟ್ರೇಲರಿನಲ್ಲಿ ಜನ ಕೂಡ್ರಿಸಲು ಕಾಯ್ದೆ ಒಪ್ಪುವುದಿಲ್ಲ, ಜಾತ್ರೆಗೆ ವಾಯವ್ಯ ಸಾರಿಗೆಯ ಹೆಚ್ಚುವರಿ ಬಸ್ಸುಗಳು ಇದ್ದೇ ಇರುತ್ತವೆ.

— ಒಪ್ಪಿದೆ. ಬುತ್ತಿಗೆ ಬಾಯಿ ಎಣಿಸಿದಂತೆ ಇಲ್ಲಿ ಏನನ್ನು ಎಣಿಸಬೇಕು?

— ವ್ಯಾಟ್ ಮತ್ತು ಗಂಟೆ. ಎರಡನ್ನೂ ಗುಣಿಸಿದರೆ ಬರುವುದು ವ್ಯಾಟ್-ಅವರ್. ಅಂಥ ಸಾವಿರ ಸೇರಿದರೆ ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್. 12 ವೋಲ್ಟಿನ ಐದು ವ್ಯಾಟಿನ ಎಲ್‌ಇಡಿ ಬಲ್ಬು ನಾಲ್ಕು, ಸಂಜೆ ಐದು ತಾಸು: 100. ರಾತ್ರಿಯಿಡೀ ಉರಿಯುವ ಎರಡು ವ್ಯಾಟಿನ ಸಣ್ಣ ದೀಪ, ಎಂಟು ತಾಸು: 16. ಭಜನೆಗೆ ಸಣ್ಣ ಧ್ವನಿಪೆಟ್ಟಿಗೆ, 20 ವ್ಯಾಟ್, ಎರಡು ತಾಸು: 40. ಇನ್ನು ಮೊಬೈಲ್. 5000 ಎಂಎಎಚ್ ಬ್ಯಾಟರಿಯ ಫೋನಿನಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ಚಾರ್ಜರಿನ ನಷ್ಟ ಸೇರಿ 25 ಎನ್ನು. ಎಂಟು ಫೋನಿಗೆ 200. ನೋಡಿದೆಯಾ, ಎಲ್ಲ ದೀಪ ಸೇರಿ ತಿನ್ನುವುದು 116, ಫೋನುಗಳೇ ತಿನ್ನುವುದು 200. ಬಿಡಾರದ ಸೋಲಾರ್ ಎಂದರೆ ಜನ ದೀಪವನ್ನೇ ನೆನೆಯುತ್ತಾರೆ. ಎಲ್‌ಇಡಿ ಬಂದ ಮೇಲೆ ದೀಪದ್ದು ಇರುವೆಯ ಹೊಟ್ಟೆ. ಅದೂ ನೀವು ಹೊರಟಿರುವುದು ಹುಣ್ಣಿಮೆಗೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭರತ ಹುಣ್ಣಿಮೆ, ಗುಡ್ಡಕ್ಕೆ ಜನ ಸೇರುವ ಮೂರೂ ಕಾಲಕ್ಕೆ ರಾತ್ರಿಯಿಡೀ ಬೆಳದಿಂಗಳು ಇರುತ್ತದೆ; ಕರೆಂಟಿಲ್ಲದ ಕಾಲದಲ್ಲಿ ಚಕ್ಕಡಿ ಕಟ್ಟಿಕೊಂಡು ಹೋದವರಿಗೆ ಅದೇ ದೊಡ್ಡ ಅನುಕೂಲವಾಗಿತ್ತು. ಎಲ್ಲ ಕೂಡಿಸಿದರೆ 356, ದಿನಕ್ಕೆ 360 ಎಂದು ಹಿಡಿ. ಈ ಪಟ್ಟಿಯಲ್ಲಿ ಮಿಕ್ಸರ್ ಇಲ್ಲ, ಇಂಡಕ್ಷನ್ ಒಲೆ ಇಲ್ಲ, ಡಾಲ್ಬಿಯಂತೂ ಇಲ್ಲವೇ ಇಲ್ಲ. 1500 ವ್ಯಾಟಿನ ಇಂಡಕ್ಷನ್ ಒಲೆ ಒಂದು ತಾಸು ಉರಿದರೆ ನಿಮ್ಮ ಇಡೀ ಬಿಡಾರದ ನಾಲ್ಕು ದಿನದ ಕರೆಂಟು ಮುಗಿಯಿತು. ಅಡುಗೆಗೆ ಐದು ಕಿಲೋ ಗ್ಯಾಸ್ ಸಿಲಿಂಡರ್ ಒಯ್ಯಿ, ಚಟ್ನಿಪುಡಿಯನ್ನು ಮನೆಯಲ್ಲೇ ಕುಟ್ಟಿಸಿಕೊ.

— ಸರಿ, 360. ಇದರಿಂದ ಅಂಗಡಿಯ 200 ಹೇಗೆ ಬಂತು, ನಿಮ್ಮ ಲೆಕ್ಕ ಎಷ್ಟು?

— ಮೊದಲು ಅವರದು. ಮನೆಯ ಲೆಕ್ಕದಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೂ ದೀಪ ಆರಬಾರದು. 360ರ ಮೂರು ಪಟ್ಟು 1080. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಷ್ಯ ಕುಗ್ಗುತ್ತದೆ, ಆದ್ದರಿಂದ ಇಮ್ಮಡಿ: 2160. ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ 180 ಆಂಪಿಯರ್-ಅವರ್, ಅಂದರೆ ಎಎಚ್, ಮಾರುಕಟ್ಟೆಯಲ್ಲಿ ಸಿಗುವ ಮುಂದಿನ ಅಳತೆ 200. ಪ್ಯಾನಲಿಗೆ ಅವರು ಹಿಡಿಯುವುದು ಆಷಾಢ ಶ್ರಾವಣದ ಬಿಸಿಲು. ನಮ್ಮ ಬೆಳಗಾವಿಯಲ್ಲಿ ಆ ಕಾಲಕ್ಕೆ ದಿನಕ್ಕೆ ಮೂರು ತಾಸಿನ ಪೂರ್ಣ ಬಿಸಿಲಿಗಿಂತ ಹೆಚ್ಚು ಹಿಡಿಯದಿರುವುದೇ ಜಾಣತನ. ನಷ್ಟ ಕಳೆದರೆ ಒಂದು ವ್ಯಾಟ್ ಪ್ಯಾನಲಿಗೆ ಎರಡು ವ್ಯಾಟ್-ಅವರ್. 360ಕ್ಕೆ 180 ವ್ಯಾಟ್, ಅಂದರೆ 200ರ ಪ್ಯಾನಲ್. ಎಲ್ಲವೂ ಸರಿಯಾಗಿದೆ, ನೀನು ವರ್ಷವಿಡೀ ಗುಡ್ಡದಲ್ಲೇ ಮನೆ ಮಾಡುವವನಾದರೆ. ಈಗ ಬುತ್ತಿಯ ಲೆಕ್ಕ ನೋಡು. ಮಾಘ ಮಾಸದಲ್ಲಿ ಸವದತ್ತಿಯ ಬಯಲಿನಲ್ಲಿ ಐದು ತಾಸಿನ ಪೂರ್ಣ ಬಿಸಿಲು ಧೈರ್ಯವಾಗಿ ಹಿಡಿಯಬಹುದು. ನೂರು ವ್ಯಾಟಿನ, 36 ಕೋಶಗಳ ಸಾದಾ ಪ್ಯಾನಲ್ ಕೊಡುವುದು ಸುಮಾರು ಐದೂವರೆ ಆಂಪಿಯರ್. ಐದು ತಾಸಿಗೆ 27 ಎಎಚ್ ಚಿಲ್ಲರೆ, ಹದಿಮೂರು ವೋಲ್ಟಿನಿಂದ ಗುಣಿಸಿದರೆ 350ರ ಆಸುಪಾಸು. ಧೂಳು, ತಂತಿಯ ನಷ್ಟ, ಮರೆವು ಎಲ್ಲ ಕಳೆದು 300 ಎನ್ನು. ಖರ್ಚು 360, ಆದಾಯ 300, ದಿನಕ್ಕೆ 60ರ ಸಾಲ. ಐದು ದಿನಕ್ಕೆ 300. ನಡುವೆ ಒಂದು ದಿನ ಮೋಡ ಕವಿದು ನೂರೇ ಬಂತೆನ್ನು, ಇನ್ನೂ 200 ಸೇರಿ ಒಟ್ಟು ಸಾಲ 500. 12.8 ವೋಲ್ಟಿನ 60 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 768. ನೂರಕ್ಕೆ 85 ಬಳಸಿದರೂ 650. ಸಾಲ ತೀರಿಸಿ 150 ಕೈಯಲ್ಲಿ ಉಳಿಯಿತು. ಅದೇ ಮೇಲಿನ ನಾಲ್ಕು ರೊಟ್ಟಿ. ಪ್ಯಾನಲ್ ಅರ್ಧ, ಬ್ಯಾಟರಿ ಮೂರನೆಯ ಒಂದಕ್ಕಿಂತ ಕಡಿಮೆ.

— ಇದು ಬಹಳ ಬಿಗಿ ಲೆಕ್ಕವಾಯಿತಲ್ಲ ಕಾಕಾ. ದೇವರ ಕೆಲಸಕ್ಕೆ ಹೊರಟವರು ಇಷ್ಟು ಕೈಹಿಡಿತ ಮಾಡಬೇಕೆ? ಇದ್ದರೆ ಇರಲಿ ಎಂದು ದೊಡ್ಡದನ್ನೇ ತಂದರೆ ನಷ್ಟವೇನು?

— ದುಡ್ಡಿನ ನಷ್ಟ ಒಂದು, ಅದನ್ನು ನೀನೇ ಹೇಳಿದೆ. ಅದಕ್ಕಿಂತ ದೊಡ್ಡ ನಷ್ಟ ಉಳಿದ 350 ದಿನಗಳದು. ವರ್ಷಕ್ಕೆ ಮೂರು ಹುಣ್ಣಿಮೆಗೆ ಹೋದರೂ ಆ ಬ್ಯಾಟರಿಗೆ ಕೆಲಸ ಹದಿನೈದು ದಿನ. ಪೆಟ್ಟಿಗೆಯ ಮೇಲೆ ಎರಡು ಸಾವಿರ ಸಲ, ಮೂರು ಸಾವಿರ ಸಲ ಚಾರ್ಜ್ ಆಗುತ್ತದೆ ಎಂದು ಬರೆದಿರುವುದನ್ನು ನೋಡಿ ಹೆಚ್ಚು ದುಡ್ಡು ಕೊಡುವವರು ಇದನ್ನು ಯೋಚಿಸುವುದಿಲ್ಲ. ವರ್ಷಕ್ಕೆ ಹದಿನೈದು ಸಲದಂತೆ ಎರಡು ಸಾವಿರ ಮುಗಿಯಲು ನೂರು ವರ್ಷದ ಮೇಲೆ ಬೇಕು, ಅಷ್ಟರಲ್ಲಿ ಬ್ಯಾಟರಿ ವಯಸ್ಸಾಗಿಯೇ ಸಾಯುತ್ತದೆ. ಸೀಸದ್ದಾದರೆ ಇನ್ನೂ ಬೇಗ: ಅರ್ಧ ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಆದ್ದರಿಂದ ಜಾತ್ರೆಯ ಬ್ಯಾಟರಿ ಮನೆಯಲ್ಲೂ ದುಡಿಯಬೇಕು. ಕರೆಂಟು ಹೋದಾಗ ಮಗ್ಗದ ಮೇಲಿನ ದೀಪಕ್ಕೆ, ಹುಡುಗರ ಓದಿಗೆ ಅದು ಸಾಕು. ಪವರ್‌ಲೂಮ್ ಓಡಿಸುತ್ತೇನೆ ಎನ್ನಬೇಡ; ಒಂದು ಎಚ್‌ಪಿ ಮೋಟಾರು 746 ವ್ಯಾಟ್, ಒಂದು ತಾಸು ತುಂಬುವ ಮೊದಲೇ ಆಟ ಮುಗಿಯುತ್ತದೆ. ದಿನವೂ ಕೈಗೆತ್ತಿಕೊಳ್ಳುವಂಥದ್ದು ಸಣ್ಣ ಬ್ಯಾಟರಿ. 60 ಎಎಚ್ ಲಿಥಿಯಂ ಎಂಟು ಕಿಲೋ ಆಸುಪಾಸು, 150 ಎಎಚ್ ಟ್ಯೂಬುಲರ್ 50 ಕಿಲೋಗೂ ಮಿಗಿಲು. ಟ್ರೇಲರಿಗೆ ಸ್ಪ್ರಿಂಗೂ ಇರುವುದಿಲ್ಲ, ಇದ್ದರೂ ಹೆಸರಿಗೆ. ಆ ಕುಲುಕಾಟಕ್ಕೆ ಆ್ಯಸಿಡ್ ತುಳುಕಿ ತಾಡಪತ್ರಿ, ಹಾಸಿಗೆ, ಹೋಳಿಗೆಯ ಡಬ್ಬಿ ಎಲ್ಲಕ್ಕೂ ಪ್ರಸಾದ ಸಿಗುತ್ತದೆ.

— ಹಾಗಾದರೆ ಹೊಸದು ಏಕೆ? ಟ್ರ್ಯಾಕ್ಟರಿನದೇ ಬ್ಯಾಟರಿ ಇದೆ. ದಾರಿಯಲ್ಲಿ ಎಂಜಿನ್ನಿನಿಂದ ತಾನೇ ತುಂಬಿಕೊಳ್ಳುತ್ತದೆ, ಪ್ಯಾನಲ್ಲೂ ಬೇಡ.

— ಟ್ರ್ಯಾಕ್ಟರಿನ ಬ್ಯಾಟರಿಯ ಪ್ಲೇಟು ತೆಳು. ಸ್ಟಾರ್ಟರಿಗೆ ನಾಲ್ಕು ಕ್ಷಣ ಭಾರೀ ಕರೆಂಟು ಕೊಟ್ಟು ಸುಮ್ಮನಾಗುವುದು ಅದರ ಧರ್ಮ. ಅದರಿಂದ ರಾತ್ರಿಯಿಡೀ ಹನಿಹನಿಯಾಗಿ ಎಳೆದರೆ ನಾಲ್ಕು ಜಾತ್ರೆಗೆ ಅದು ಸತ್ತೀತು, ಅದಕ್ಕೂ ಮೊದಲು ಐದನೆಯ ದಿನ ಟ್ರ್ಯಾಕ್ಟರ್ ಚಾಲೂ ಆಗದೆ ನೀವೆಲ್ಲ ಹಿಂದಿನಿಂದ ತಳ್ಳೀರಿ. ದಾರಿಯಲ್ಲಿ ತುಂಬಿಸುವ ಮಾತು ಮಾತ್ರ ತೆಗೆದುಹಾಕುವಂಥದ್ದಲ್ಲ. ಎಂಜಿನ್ನಿನ ಆಲ್ಟರ್ನೇಟರಿನಿಂದ ಬೇರೆ ಬ್ಯಾಟರಿಗೆ ಹತ್ತು ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ನಾಲ್ಕು ತಾಸಿನ ಪಯಣದಲ್ಲಿ 500 ವ್ಯಾಟ್-ಅವರ್ ಸೇರುತ್ತದೆ. ಕಾರಿನ ಹಿಂದೆ ಬಿಡಾರದ ಗಾಡಿ ಕಟ್ಟಿಕೊಂಡು ಇವತ್ತು ಖಾನಾಪುರ, ನಾಳೆ ಲೋಂಡಾ, ನಾಡಿದ್ದು ಗೋವಾ ಎಂದು ದಿನವೂ ಓಡಾಡುವವರಿಗೆ ಅದರಷ್ಟು ಸೋವಿಯ ದಾರಿ ಇನ್ನೊಂದಿಲ್ಲ. ನಿಮ್ಮದು ಹಾಗಲ್ಲ. 80 ಕಿಲೋಮೀಟರ್ ಹೋಗುವಾಗ ಬ್ಯಾಟರಿ ತುಂಬಿಯೇ ಇರುತ್ತದೆ, ಬರುವಾಗ ತುಂಬುವ ಅಗತ್ಯವಿಲ್ಲ, ನಡುವಿನ ಐದು ದಿನ ಟ್ರ್ಯಾಕ್ಟರ್ ನಿಂತೇ ಇರುತ್ತದೆ. ಫೋನಿಗಾಗಿ ಡೀಸೆಲ್ ಸುಡುವುದು ಯಾವ ಜಾಣತನ?

— ಇನ್ವರ್ಟರ್ ಬೇಡವೆಂದು ಪಟ್ಟಿಯಲ್ಲೇ ಕೈಬಿಟ್ಟಿರಿ. ಮನೆಯ ಬಲ್ಬು, ಮನೆಯ ಚಾರ್ಜರ್ ಇದ್ದವನ್ನೇ ಬಳಸಿದರೆ 12 ವೋಲ್ಟಿನವಕ್ಕೆ ಹಾಕುವ ದುಡ್ಡು ಉಳಿಯುತ್ತಿತ್ತು.

— ಉಳಿದಂತೆ ಕಾಣುತ್ತದೆ. ಸಣ್ಣ ಇನ್ವರ್ಟರ್ ಏನನ್ನೂ ಹಚ್ಚದೆ ಸುಮ್ಮನೆ ಚಾಲೂ ಇದ್ದರೂ ಹತ್ತು ಹದಿನೈದು ವ್ಯಾಟ್ ತಿನ್ನುತ್ತಿರುತ್ತದೆ. ಹನ್ನೆರಡು ಎಂದರೂ 24 ತಾಸಿಗೆ 288, ನಿಮ್ಮ ಎಲ್ಲ ದೀಪಗಳ ಎರಡು ದಿನದ ಖರ್ಚಿಗಿಂತ ಹೆಚ್ಚು. ನೂರು ವ್ಯಾಟಿನ ಪ್ಯಾನಲ್ ದಿನವಿಡೀ ಬಿಸಿಲಲ್ಲಿ ಒಣಗಿ ಗಳಿಸಿದ್ದೆಲ್ಲ ಇನ್ವರ್ಟರಿನ ಫ್ಯಾನ್ ತಿರುಗಿಸಲು ಹೋಗುತ್ತದೆ. 12 ವೋಲ್ಟಿನ ಬಲ್ಬು ನಾಲ್ಕು, ಕಾರಿನಲ್ಲಿ ಹಾಕುವಂಥ ಯುಎಸ್‌ಬಿ ಚಾರ್ಜರ್ ಎರಡು ಕೊಂಡರೆ ಆ ಪೆಟ್ಟಿಗೆಯೇ ಬೇಡ. 1995ರಲ್ಲಿ ಹರೀಶ್ ಹಂದೆ ಸೆಲ್ಕೊ ಕಂಪನಿ ಕಟ್ಟಿ ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕಲು ಹೊರಟಾಗ ಹಿಡಿದದ್ದೂ ಇದೇ ದಾರಿ: ಮನೆಗೆ ಏನು ಬೇಕೆಂದು ಮೊದಲು ಕೇಳುವುದು, ಆಮೇಲೆ ಪ್ಯಾನಲ್ ಅಳೆಯುವುದು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 12 ವೋಲ್ಟಿಗೆ ಒಂದು ಕಾಟವಿದೆ, ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹಾಕಿದ ಸೋಲಾರ್ ಸರಿಯಿಲ್ಲ ಎಂದು ಜನ ದೂರುವುದು ಹೆಚ್ಚಾಗಿ ಇದರಿಂದ. ಒಲೆಯ ಹತ್ತಿರ ಬೆಳಕು, ಅಲ್ಲೇ ಚಾರ್ಜಿಂಗ್ ಎಂದು ಆರು ಮೀಟರ್ ತಂತಿ ಎಳೆದೆ ಎನ್ನು. ಹೋಗಿ ಬರುವ ದಾರಿ ಹನ್ನೆರಡು ಮೀಟರ್. ಎಲ್ಲ ಒಟ್ಟಿಗೆ ಚಾಲೂ ಆದರೆ ಎಂಟು ಆಂಪಿಯರ್ ಹರಿಯುತ್ತದೆ. ಮನೆಯ ದೀಪಕ್ಕೆ ಹಾಕುವ ಒಂದು ಸ್ಕ್ವೇರ್ ಎಂಎಂ ವೈರು ಹಾಕಿದರೆ 1.7 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, ಹನ್ನೆರಡರಲ್ಲಿ ಏಳನೆಯ ಒಂದು ಪಾಲು. ಎರಡೂವರೆ ಸ್ಕ್ವೇರ್ ಎಂಎಂ ಹಾಕಿದರೆ ಸೋರಿಕೆ 0.7ಕ್ಕೆ ಇಳಿಯುತ್ತದೆ. ಮನೆಯ 230 ವೋಲ್ಟಿನಲ್ಲಿ ಈ ಸೋರಿಕೆ ಕಣ್ಣಿಗೇ ಬೀಳುವುದಿಲ್ಲ, ಆದ್ದರಿಂದ ನಮ್ಮ ಕಸುಬಿನವರೂ ಇಲ್ಲಿ ಎಡವುತ್ತಾರೆ. ಇನ್ನು ಬ್ಯಾಟರಿಯ ಪ್ಲಸ್ ತಂತಿಗೆ, ಗೇಣುದ್ದದೊಳಗೆ, 20 ಆಂಪಿಯರ್ ಫ್ಯೂಜು. ಕೆಳಗೆ ಹುಲ್ಲು, ಪಕ್ಕದಲ್ಲಿ ಗ್ಯಾಸು, ಮೇಲೆ ತಾಡಪತ್ರಿ ಇರುವ ಕಡೆ ತಂತಿ ಉಜ್ಜಿ ಷಾರ್ಟ್ ಆದರೆ ಲಿಥಿಯಂ ಬ್ಯಾಟರಿ ಕ್ಷಣದಲ್ಲಿ ನೂರಾರು ಆಂಪಿಯರ್ ಉಗುಳುತ್ತದೆ. ಎಲ್ಲ ಸಾಮಾನಿನಲ್ಲಿ ಅತಿ ಅಗ್ಗದ್ದು ಫ್ಯೂಜು, ಹಾಕದೆ ಬಿಡುವುದೂ ಅದನ್ನೇ.

— ಪ್ಯಾನಲ್ ವಿಷಯದಲ್ಲಿ ಒಂದು ಕೇಳುವುದಿದೆ. ಮನೆಯ ಮಾಳಿಗೆಗೆ ಹಾಕುವ 330 ವ್ಯಾಟಿನ ಹಳೆಯ ಪ್ಯಾನಲ್ ಒಂದು ನೂರರ ಹೊಸ ಪ್ಯಾನಲಿನ ಬೆಲೆಗೇ ಸಿಗುತ್ತದಂತೆ. ಮೂರು ಪಟ್ಟು ಲಾಭವಲ್ಲವೆ?

— ಪ್ಯಾನಲಿಗೂ ಬ್ಯಾಟರಿಗೂ ನಡುವೆ ಯಾವ ಚಾರ್ಜ್ ಕಂಟ್ರೋಲರ್ ಹಾಕುತ್ತೀ ಎಂಬುದರ ಮೇಲೆ ಅದು. 72 ಕೋಶಗಳ ಆ ಪ್ಯಾನಲ್ 37 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಕೊಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ, ಆಂಪಿಯರ್ ಮಾತ್ರ ಅಷ್ಟೇ ಇರುತ್ತದೆ. ಒಂಬತ್ತು ಹದಿಮೂರಲೆ 117. ಉಳಿದ ಇನ್ನೂರಕ್ಕೂ ಹೆಚ್ಚು ವ್ಯಾಟ್ ಗಾಳಿಗೆ. ಎಂಪಿಪಿಟಿ ಕಂಟ್ರೋಲರ್ ಹಾಕಿದರೆ ಅದು ಕೈಗೆ ಬರುತ್ತದೆ, ಆದರೆ ಅದರ ಬೆಲೆ ಬೇರೆ; ಎರಡು ಮೀಟರ್ ಉದ್ದದ, ಇಪ್ಪತ್ತು ಕಿಲೋ ದಾಟುವ ಗಾಜಿನ ಹಲಗೆಯನ್ನು ಜಾತ್ರೆಯ ಜನರ ನಡುವೆ ಕಾಯುವುದು ಇನ್ನೊಂದು ಕೆಲಸ. ನೂರು ವ್ಯಾಟಿನದನ್ನು ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದು. ಅದನ್ನು ಟ್ರೇಲರಿನ ಕಮಾನಿಗೆ ಬಿಗಿಯಬೇಡ. ಬಿಡಾರವನ್ನು ಎಲ್ಲರೂ ಬೇವಿನ ನೆರಳಲ್ಲೇ ಹೂಡುತ್ತಾರೆ, ಪ್ಯಾನಲಿಗೆ ಬೇಕಾದದ್ದು ಬಯಲು. ಕೋಶಗಳು ಸರಪಳಿಯಂತೆ ಕೂಡಿರುವುದರಿಂದ ಒಂದು ಟೊಂಗೆಯ ನೆರಳು ಅಂಚಿಗೆ ಬಿದ್ದರೂ ಅರ್ಧ ಪ್ಯಾನಲ್ ಮಲಗುತ್ತದೆ. ಐದು ಮೀಟರ್ ಕೇಬಲ್ ಇಟ್ಟುಕೊಂಡು ಬಿಸಿಲಿಗೆ ಒಯ್ದು ಇಡು. ಭರತ ಹುಣ್ಣಿಮೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 30 ಡಿಗ್ರಿಯ ಆಸುಪಾಸು ವಾಲಿರುತ್ತಾನೆ. ನಮ್ಮ ನೆತ್ತಿಯ ಮೇಲೆ ಅವನು ಬರುವುದು ಮೇ ಮೊದಲ ವಾರಕ್ಕೆ. ಪ್ಯಾನಲಿನ ಬಡಗಣ ಅಂಚಿನ ಕೆಳಗೆ ಎರಡು ಕಲ್ಲು ಕೊಟ್ಟು ಎತ್ತರಿಸಿದರೆ ಬಿಟ್ಟಿಯಾಗಿ ಹತ್ತು ಹದಿನೈದು ವ್ಯಾಟ್ ಸಿಕ್ಕಿತು. ಅದರ ಮೇಲೆ ಒದ್ದೆ ಸೀರೆ ಒಣಹಾಕದಂತೆ ಮನೆಯ ಹೆಣ್ಣುಮಕ್ಕಳಿಗೂ, ಧೋತರ ಒಣಹಾಕದಂತೆ ನಿನ್ನ ಅಪ್ಪನಿಗೂ ಹೇಳಿಡು. ಕೊಳ್ಳುವವರಿಗೆ ಇನ್ನೊಂದು ಅನುಕೂಲವೂ ಆಗಿದೆ: 2025ರ ಸೆಪ್ಟೆಂಬರ್ 22ರಿಂದ ಪ್ಯಾನಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬ್ಯಾಟರಿಯ ಮೇಲೆ 18 ಇದೆ.

— ಇದೆಲ್ಲ ಸವದತ್ತಿಯ ಬಯಲಿಗೆ ಸರಿ. ಮಳೆಗಾಲದಲ್ಲಿ ಗೆಳೆಯರೆಲ್ಲ ಖಾನಾಪುರದ ಕಡೆಗೆ, ಜಾಂಬೋಟಿ, ಕಣಕುಂಬಿಗೆ ಹೊರಡುತ್ತಾರೆ. ಇದೇ ಸಾಮಾನು ಅಲ್ಲಿಗೂ ಆದೀತೆ?

— ಬ್ಯಾಟರಿ ಆದೀತು. ಪ್ಯಾನಲನ್ನು ಮನೆಯಲ್ಲೇ ಬಿಟ್ಟುಹೋಗಲಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೆರಗಿನಲ್ಲಿ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಿವೆ. ಜುಲೈಯಲ್ಲಿ ಅಲ್ಲಿ ಬಿಸಿಲು ಹುಡುಕುವುದೂ ಒಂದೇ, ಬಾವಿಯಲ್ಲಿ ಬೆಂಕಿ ಹುಡುಕುವುದೂ ಒಂದೇ. ಮಳೆ ನಿಂತ ಮೇಲೂ ಭೀಮಗಡ ಅಭಯಾರಣ್ಯದ ಸುತ್ತಿನ ಕಾಡಿನಲ್ಲಿ ಎಲೆಯ ಚಾವಣಿ ದಾಟಿ ನೆಲಕ್ಕೆ ಬರುವ ಬಿಸಿಲು ಎರಡು ಮೂರು ತಾಸಿನದು, ಅದೂ ಚುಕ್ಕಿ ಚುಕ್ಕಿ. ನಾಲ್ಕು ಜನ, ಎರಡು ರಾತ್ರಿ, ದಿನಕ್ಕೆ 200 ಎಂದರೆ ಒಟ್ಟು 400. ಮನೆಯಲ್ಲಿ ತುಂಬಿಸಿದ 60 ಎಎಚ್ ಬ್ಯಾಟರಿಯಲ್ಲಿ ಅದು ಮುಗಿದು 250 ಮಿಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಬಿಡಾರ ಹೂಡುವಂತಿಲ್ಲ ಎಂಬುದೂ ಅವರಿಗೆ ಗೊತ್ತಿರಲಿ.

— ಆದರೆ ಅದೇ ಕಾಡಿನ ಊರುಗಳಲ್ಲಿ ಸೋಲಾರ್ ದೀಪಗಳಿವೆಯಲ್ಲ. ಅವರಿಗೆ ಬಿಸಿಲು ಸಿಗುತ್ತದೆ, ನಮ್ಮವರಿಗೆ ಸಿಗುವುದಿಲ್ಲವೆ? ನಿಮ್ಮ ಲೆಕ್ಕಕ್ಕೆ ಇದು ಎದುರಾಯಿತು.

— ಎದುರಾಗಲಿಲ್ಲ. ಗವ್ವಾಳಿ, ಕೊಂಗಳಾ, ಪಾಸ್ತೋಳಿಯಂಥ ಊರುಗಳು ಕಾಡಿನ ನಡುವೆ ಇವೆ, ಅಲ್ಲಿಗೆ ತಂತಿ ಎಳೆಯುವುದೇ ದುಸ್ತರ. ಅಲ್ಲಿನವರು ಮಳೆಗಾಲ ಮುಗಿದು ಮನೆಗೆ ಮರಳುವವರಲ್ಲ, ಅದೇ ಅವರ ಮನೆ. ಅವರಿಗೆ ಬೇಕಾದದ್ದು ಕಣಜದ ಲೆಕ್ಕ, ಅಂಗಡಿಯವರು ನಿನಗೆ ಹೇಳಿದರಲ್ಲ, ಆ ಲೆಕ್ಕ: ಅತಿ ಕೆಟ್ಟ ತಿಂಗಳು, ಮೂರು ದಿನದ ಕತ್ತಲು, ದೊಡ್ಡ ಪ್ಯಾನಲ್. ಅವರ ಪ್ಯಾನಲಿಗೆ ಮನೆಯಂಗಳದ ಬಯಲಾದರೂ ಇರುತ್ತದೆ. ಅಲ್ಲಿ ಸಣ್ಣದನ್ನು ಕೊಟ್ಟು ಕೈತೊಳೆದುಕೊಂಡರೆ ಶ್ರಾವಣದಲ್ಲಿ ದೀಪ ಆರುತ್ತದೆ, ಯೋಜನೆಗೇ ಕೆಟ್ಟ ಹೆಸರು ಬರುತ್ತದೆ. ಇಬ್ಬರ ನಡುವಿನವರೂ ಇದ್ದಾರೆ. ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಜಿಲ್ಲೆಯ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತವೆ. ಅವರದು ಹಂಗಾಮಿನ ಲೆಕ್ಕ: ಮಳೆಗಾಲ ಮುಗಿದ ಮೇಲೆ ಬಂದು ಬೇಸಿಗೆಯ ಬಾಗಿಲಿಗೆ ಹೊರಡುವುದರಿಂದ ಬಿಸಿಲಿಗೆ ಕೊರತೆಯಿಲ್ಲ, ಮೂರು ದಿನದ ಕತ್ತಲಿನ ಭಯ ಬೇಡ; ಆದರೆ ದಿನಕ್ಕೆ 60ರ ಸಾಲ ಮಾಡುವಂತೆಯೂ ಇಲ್ಲ, ಹನ್ನೊಂದನೆಯ ದಿನಕ್ಕೆ ಬ್ಯಾಟರಿ ಬರಿದು. ಅವರಿಗೆ ಅದೇ 60 ಎಎಚ್ ಬ್ಯಾಟರಿಗೆ 150 ವ್ಯಾಟಿನ ಪ್ಯಾನಲ್ ಸರಿಹೋಗುತ್ತದೆ. ಮೂರು ಕಡೆಯೂ ದೀಪ ಒಂದೇ, ಫೋನು ಒಂದೇ. ಎಷ್ಟು ದಿನ ಇರುತ್ತೀ, ಯಾವ ತಿಂಗಳಲ್ಲಿ ಇರುತ್ತೀ ಎಂಬ ಎರಡು ಪ್ರಶ್ನೆಯಿಂದ ಸಾಮಾನು ಬದಲಾಗುತ್ತದೆ. ನಿನಗೆ ಅಂಗಡಿಯಲ್ಲಿ ಆ ಎರಡನ್ನೂ ಯಾರೂ ಕೇಳಿಲ್ಲ.

— ಕೊನೆಯದೊಂದು. ಇಷ್ಟು ಬಿಗಿ ಲೆಕ್ಕದಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ವೋಲ್ಟ್ ಮೀಟರ್ ಸಾಕೆ?

— ಸೀಸದ ಬ್ಯಾಟರಿಗೆ ಸಾಕು. ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.7 ಇದ್ದಾಗ ತುಂಬಿದೆ, 12.2ರ ಹತ್ತಿರ ಬಂದರೆ ಅರ್ಧ. ಲಿಥಿಯಂ ಫಾಸ್ಫೇಟ್ ಹಾಗೆ ಮುಖ ಬಿಚ್ಚುವುದಿಲ್ಲ. ಬಹುಪಾಲು ಹೊತ್ತು 13ರ ಆಸುಪಾಸಿನಲ್ಲೇ ನಿಂತಿದ್ದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಬೇಕು. ಅದಕ್ಕೂ ದುಡ್ಡಿಲ್ಲದಿದ್ದರೆ ಒಂದು ವಹಿಯಲ್ಲಿ ಬರೆದಿಡಿ, ಎಷ್ಟು ಬಲ್ಬು ಎಷ್ಟು ತಾಸು, ಎಷ್ಟು ಫೋನು ಎಂದು; ನೇಕಾರರ ಮನೆಯಲ್ಲಿ ವಹಿ ಬರೆಯುವುದು ಯಾರಿಗೂ ಹೊಸದಲ್ಲ. ಮೊದಲ ಎರಡು ದಿನ ಫೋನುಗಳನ್ನು ಹಗಲಿನಲ್ಲೇ, ಪ್ಯಾನಲ್ ದುಡಿಯುವಾಗಲೇ ಹಚ್ಚಿಸು. ಹೊರಡುವ ಹಿಂದಿನ ರಾತ್ರಿ ಬ್ಯಾಟರಿಯನ್ನು ಮನೆಯ ಚಾರ್ಜರಿಗೆ ಹಚ್ಚಲು ಮರೆತರೆ ನನ್ನ ಲೆಕ್ಕವೆಲ್ಲ ನೀರಿನಲ್ಲಿ ಹೋಯಿತು. ಅದಕ್ಕೆ ಆರು ತಾಸು ಬೇಕು, ಕರೆಂಟು ಹೋಗುವ ಸಂಭವವಿದ್ದರೆ ಹಿಂದಿನ ಮಧ್ಯಾಹ್ನವೇ ಹಚ್ಚು.